ಪುಣೆಯಲ್ಲಿ ನಿಂತುಹೋದ 443

ಪುಣೆಯಿಂದ ಮುಂಬಯಿಯ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಗಹುಂಜೆಯ ಕ್ರೀಡಾಂಗಣವಿದೆ. 2024ರ ಅಕ್ಟೋಬರ್ 26ರಂದು ಅಲ್ಲಿ ಭಾರತ ತಂಡ ನ್ಯೂಜಿಲೆಂಡ್‌ಗೆ 113 ರನ್ನುಗಳಿಂದ ಸೋತಿತು. ಹನ್ನೆರಡು ವರ್ಷಗಳಿಂದ ತವರಿನಲ್ಲಿ ಒಂದೂ ಟೆಸ್ಟ್ ಸರಣಿ ಸೋಲದೆ, ಸತತ 18 ಸರಣಿ ಗೆದ್ದಿದ್ದ ತಂಡದ ಓಟ ಮೂರನೆಯ ದಿನಕ್ಕೇ ಮುಗಿದುಹೋಯಿತು. ಎಡಗೈ ಸ್ಪಿನ್ನರ್ ಮಿಚೆಲ್ ಸ್ಯಾಂಟ್ನರ್ ಎರಡು ಇನಿಂಗ್ಸ್‌ಗಳಲ್ಲಿ 13 ವಿಕೆಟ್ ಕಿತ್ತರು. ರೋಹಿತ್ ಶರ್ಮಾ ಗಳಿಸಿದ್ದು 0 ಮತ್ತು 8, ವಿರಾಟ್ ಕೊಹ್ಲಿ 1 ಮತ್ತು 17. ಮೊದಲ ಸಲ ಕೊಹ್ಲಿ ಬೌಲ್ಡ್ ಆದದ್ದು ಒಂದು ಫುಲ್‌ಟಾಸ್ ಚೆಂಡಿಗೆ.

ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಸೆಪ್ಟೆಂಬರಿನಲ್ಲಿ ದುಲೀಪ್ ಟ್ರೋಫಿ ನಡೆದಾಗ ಇವರಿಬ್ಬರೂ ಯಾಕೆ ಆಡಲಿಲ್ಲ? ಆ ಹೊತ್ತಿಗೆ ಕೊಹ್ಲಿ ರಣಜಿ ಪಂದ್ಯ ಆಡಿ ಹನ್ನೆರಡು ವರ್ಷವಾಗಿತ್ತು, ರೋಹಿತ್ ಆಡಿ ಒಂಬತ್ತು. ದೊಡ್ಡ ಆಟಗಾರರು ಕೆಳಗಿಳಿದು ಬಂದು ಆಡಿದರೆ ಅವರ ಕೈ ಪಳಗುತ್ತದೆ ಎಂದು ಒಂದು ಪಕ್ಷ. ವರ್ಷವಿಡೀ ಆಡಿ ದಣಿದವರಿಗೆ ಬೇಕಾದದ್ದು ವಿಶ್ರಾಂತಿ ಎಂದು ಇನ್ನೊಂದು. ಎರಡೂ ಪಕ್ಷಗಳು ಮಾತಾಡಿದ್ದು ದೊಡ್ಡವರ ಬಗ್ಗೆಯೇ. ಅವರು ಬಂದರೆ ಅಲ್ಲಿ ಮೊದಲೇ ಇದ್ದವರಿಗೆ ಏನಾಗುತ್ತದೆ, ಬಾರದಿದ್ದರೆ ಏನಾಗುತ್ತದೆ ಎಂದು ಕೇಳಿದವರು ಕಡಿಮೆ. ಪುಣೆಯಲ್ಲೇ ಎಪ್ಪತ್ತಾರು ವರ್ಷ ಹಿಂದೆ ನಡೆದದ್ದನ್ನು ನೋಡಿದರೆ ಕೇಳಬೇಕಾಗಿದ್ದುದು ಅದನ್ನೇ.

1948ರ ಡಿಸೆಂಬರ್. ವೆಸ್ಟ್ ಇಂಡೀಸ್ ತಂಡ ಐದು ಟೆಸ್ಟ್‌ಗಳ ಪ್ರವಾಸದಲ್ಲಿತ್ತು. ಮುಂಬಯಿಯ ಎರಡನೇ ಟೆಸ್ಟ್ ಮುಗಿದ ಅದೇ ವಾರದಲ್ಲಿ ಪುಣೆಯಲ್ಲಿ ಮಹಾರಾಷ್ಟ್ರ ಮತ್ತು ಕಾಠಿಯಾವಾಡ ತಂಡಗಳ ರಣಜಿ ಪಂದ್ಯ ಶುರುವಾಯಿತು. ಕಾಠಿಯಾವಾಡ 238ಕ್ಕೆ ಆಲೌಟ್. ಆಮೇಲೆ ಕೊಲ್ಹಾಪುರದ ಭಾವುಸಾಹೇಬ್ ನಿಂಬಾಳ್ಕರ್ ಬ್ಯಾಟ್ ಹಿಡಿದು ನಿಂತರು. ಎರಡನೇ ವಿಕೆಟ್‌ಗೆ ಭಂಡಾರ್ಕರ್ ಜೊತೆ 455 ರನ್ ಸೇರಿಸಿದರು. ಮೂರನೆಯ ದಿನ ಮಹಾರಾಷ್ಟ್ರ 4 ವಿಕೆಟ್‌ಗೆ 826 ಆಗಿದ್ದಾಗ ನಿಂಬಾಳ್ಕರ್ ಒಬ್ಬರದೇ 443. ಡಾನ್ ಬ್ರಾಡ್ಮನ್ ಅವರ ಹೆಸರಿನಲ್ಲಿದ್ದ ವಿಶ್ವದಾಖಲೆ 452. ಇನ್ನು ಹತ್ತು ರನ್ ಸಾಕಿತ್ತು.

ಆ ಹತ್ತು ರನ್ ಬರಲೇ ಇಲ್ಲ. ವಿರಾಮದ ಹೊತ್ತಿನಲ್ಲಿ ಕಾಠಿಯಾವಾಡದ ನಾಯಕ, ರಾಜಕೋಟೆಯ ಠಾಕೂರ್ ಸಾಹೇಬರು, ಪಂದ್ಯ ಬಿಟ್ಟುಕೊಟ್ಟು ತಂಡವನ್ನು ಕರೆದುಕೊಂಡು ಹೊರಟುಬಿಟ್ಟರು. ದಾಖಲೆಯ ಪುಸ್ತಕದಲ್ಲಿ ಚಚ್ಚಿಸಿಕೊಂಡವರು ಎಂದು ತಮ್ಮ ಹೆಸರು ಉಳಿಯುವುದು ಅವರಿಗೆ ಬೇಡವಾಗಿತ್ತು ಎಂದು ಹೇಳುತ್ತಾರೆ. ಆದರೆ ಈಗ ಆ ತಂಡದ ಹೆಸರು ನೆನಪಿಗೆ ಬರುವುದೇ ಹೊರಟುಹೋದದ್ದಕ್ಕೆ.

ಈ ಕತೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ, ಆ ಹತ್ತು ರನ್ನುಗಳ ದುಃಖ ಅಷ್ಟು ದೊಡ್ಡದು. ಆದರೆ ಮುಂದೆ ಆಗಿದ್ದು ಅದಕ್ಕಿಂತ ಕ್ರೂರ. ಸರಣಿಯಲ್ಲಿ ಇನ್ನೂ ಮೂರು ಟೆಸ್ಟ್ ಉಳಿದಿದ್ದವು: ಕಲ್ಕತ್ತಾ, ಮದರಾಸು, ಮತ್ತೆ ಮುಂಬಯಿ. ಒಂದರಲ್ಲೂ ನಿಂಬಾಳ್ಕರ್ ಇರಲಿಲ್ಲ. ಅವತ್ತಿಗೇ ಅಲ್ಲ, 2012ರಲ್ಲಿ ತೀರಿಕೊಳ್ಳುವ ತನಕವೂ ಅವರು ಒಂದೇ ಒಂದು ಅಧಿಕೃತ ಟೆಸ್ಟ್ ಆಡದ ಆಟಗಾರರಾಗಿಯೇ ಉಳಿದರು. 443 ಇಂದಿಗೂ ಭಾರತೀಯನೊಬ್ಬನ ಪ್ರಥಮ ದರ್ಜೆಯ ಅತಿ ದೊಡ್ಡ ಮೊತ್ತ. ಆಯ್ಕೆಗಾರರ ಮನಸ್ಸಿನಲ್ಲಿ ಏನಿತ್ತೋ, ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇದ್ದದ್ದು ಕಾಠಿಯಾವಾಡದ ಬೌಲಿಂಗು ಮಾತ್ರ. ಆ ಬೌಲಿಂಗ್ ಎದುರು ನಾನೂರು ಹೊಡೆದರೆ ಎಷ್ಟು ತೂಕ ಎಂದು ಹೇಳುವುದು ಯಾರಿಗೂ ಸುಲಭವಾಗಿರಲಿಲ್ಲ.

ಹಾಗೆಂದು ದೊಡ್ಡವರು ಇದ್ದರೆ ತಕ್ಕಡಿ ತಾನಾಗಿಯೇ ಸರಿಯಾಗುತ್ತದೆ ಎನ್ನಲಾಗದು. ಮೂರು ತಿಂಗಳ ನಂತರ, 1949ರ ಮಾರ್ಚ್‌ನಲ್ಲಿ, ಪುಣೆಯಲ್ಲೇ ಮುಂಬಯಿ–ಮಹಾರಾಷ್ಟ್ರ ಸೆಮಿಫೈನಲ್. ಏಳು ದಿನದ ಆಟ. ಮುಂಬಯಿ 651 ಮತ್ತು 714, ಮಹಾರಾಷ್ಟ್ರ 407 ಮತ್ತು 604, ಒಟ್ಟು 2,376 ರನ್. ಟೆಸ್ಟ್ ಆಲ್‌ರೌಂಡರ್ ದತ್ತು ಫಡ್ಕರ್ ಎರಡು ಶತಕ ಹೊಡೆದರು. ಟೆಸ್ಟ್ ಕಾಣದ ಉದಯ್ ಮರ್ಚೆಂಟ್ ಅದೇ ಪಂದ್ಯದಲ್ಲಿ 143 ಮತ್ತು 156 ಹೊಡೆದರು, ಮುಂದೆಯೂ ಟೆಸ್ಟ್ ಕಾಣಲಿಲ್ಲ. ಎಲ್ಲರೂ ಶತಕ ಹೊಡೆಯುವ ಪಿಚ್ಚಿನಲ್ಲಿ ದೊಡ್ಡವನ ಶತಕಕ್ಕೂ ಸಣ್ಣವನ ಶತಕಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ?

ತಿಳಿಯುವುದು ಚೆಂಡು ತಿರುಗಿದಾಗ. ಆ ಮಾತಿಗೆ ಪುಣೆ ಬಿಟ್ಟು ಬೆಂಗಳೂರಿಗೆ ಬರಬೇಕು. 1974ರಲ್ಲಿ, ಮೈಸೂರು ಎಂಬ ಹೆಸರು ಬಿಟ್ಟು ಕರ್ನಾಟಕ ಎಂದು ಆಡಿದ ಮೊದಲ ಋತುವಿನಲ್ಲೇ, ತಂಡ ಸೆಮಿಫೈನಲ್‌ನಲ್ಲಿ ಮುಂಬಯಿಯನ್ನು ಹಿಂದಿಕ್ಕಿ ಅದರ ಸತತ 15 ವರ್ಷದ ಪ್ರಶಸ್ತಿಗಳ ಸಾಲನ್ನು ಮುರಿಯಿತು. ಅತ್ತ ಗಾವಸ್ಕರ್, ವಾಡೇಕರ್. ಇತ್ತ ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್. ಅದನ್ನು ಕೆಳಹಂತದ ಕ್ರಿಕೆಟ್ ಎಂದು ಕರೆಯಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. (ಈಗ ಪತ್ರಿಕೆಗಳು ಅದನ್ನು ದೇಸಿ ಕ್ರಿಕೆಟ್ ಎನ್ನುತ್ತವೆ, ದೇಸಿ ತುಪ್ಪ ಎಂದಹಾಗೆ. ತುಪ್ಪಕ್ಕೆ ಆ ವಿಶೇಷಣದಿಂದ ಬೆಲೆ ಏರಿತು, ಕ್ರಿಕೆಟ್ಟಿಗೆ ಇಳಿಯಿತು.)

ಅದಕ್ಕಿಂತ ಸ್ಪಷ್ಟ ಉದಾಹರಣೆ 1982ರದು. ಬೆಂಗಳೂರಿನಲ್ಲಿ ಮತ್ತೆ ಸೆಮಿಫೈನಲ್, ಮತ್ತೆ ಮುಂಬಯಿ. ಎಡಗೈ ಸ್ಪಿನ್ನರ್ ರಘುರಾಮ ಭಟ್ ಮೊದಲ ಇನಿಂಗ್ಸ್‌ನಲ್ಲಿ 8 ವಿಕೆಟ್ ಉರುಳಿಸಿದರು. ಎರಡನೇ ಇನಿಂಗ್ಸ್‌ನಲ್ಲೂ ಚೆಂಡು ಬಲಗೈ ಬ್ಯಾಟರುಗಳಿಂದ ಆಚೆಗೆ ಬುಗುರಿಯಂತೆ ತಿರುಗುತ್ತಿತ್ತು. ಪಂದ್ಯ ಪೂರ್ತಿ ಕೈಬಿಡದಂತೆ ಉಳಿಸಿಕೊಳ್ಳಬೇಕಾಗಿದ್ದ ಗಾವಸ್ಕರ್, ಭಟ್ ಬೌಲ್ ಮಾಡುವಾಗ ಎಡಗೈ ಆಟಗಾರನಂತೆ ತಿರುಗಿ ನಿಂತು ಆಡಿದರು. ಜಗತ್ತಿನ ಶ್ರೇಷ್ಠ ಆರಂಭಿಕ ಆಟಗಾರ ತನ್ನ ನಿಲುವನ್ನೇ ಬದಲಿಸುವಂತೆ ಮಾಡಿದ ಬೌಲರ್ ಎಂಬ ಖ್ಯಾತಿ ಭಟ್ ಅವರಿಗೆ ಬಂತು. 1983ರಲ್ಲಿ ನಾಗಪುರದಲ್ಲಿ ಅವರು ಟೆಸ್ಟ್ ಆಡಿದರು. ಗಾವಸ್ಕರ್ ಆ ದಿನ ವಿಶ್ರಾಂತಿಯಲ್ಲಿದ್ದಿದ್ದರೆ ಅವೇ ವಿಕೆಟ್‌ಗಳಿಗೆ ಅಷ್ಟು ಮಾತು ಹುಟ್ಟುತ್ತಿರಲಿಲ್ಲ.

ಅಮೆರಿಕದ ಸ್ಟಾಕ್ ಕಾರ್ ರೇಸಿಂಗ್‌ನಲ್ಲಿ ಇದೇ ತಕರಾರು ತಲೆಕೆಳಗಾಗಿದೆ. ನಾಸ್ಕಾರ್‌ನ ಮೇಲಿನ ಸರಣಿಯ ಚಾಲಕರನ್ನು ಕೆಳಗಿನದಕ್ಕೆ ಬನ್ನಿ ಎಂದು ಕರೆಯಬೇಕಿಲ್ಲ, ಬರಬೇಡಿ ಎಂದು ತಡೆಯಬೇಕು. ಕೈಲ್ ಬುಶ್ ಎಂಬ ಚಾಲಕ 2010ರ ಒಂದೇ ಋತುವಿನಲ್ಲಿ ಎರಡನೇ ಹಂತದ 13 ರೇಸ್ ಗೆದ್ದ, ಒಟ್ಟು 102 ಗೆದ್ದ. ಟಿಕೆಟ್ ಮಾರಾಟವಾಗುತ್ತಿತ್ತು, ಪ್ರಾಯೋಜಕರು ಬರುತ್ತಿದ್ದರು, ಆದರೆ ಹೊಸ ಹುಡುಗರಿಗೆ ಗೆಲುವು ಸಿಗುತ್ತಿರಲಿಲ್ಲ. 2017ರಲ್ಲಿ, ಮೇಲಿನ ಸರಣಿಯಲ್ಲಿ ಐದು ವರ್ಷಕ್ಕಿಂತ ಹೆಚ್ಚು ಕಾಲ ಪೂರ್ಣಾವಧಿ ಓಡಿಸಿದವರು ವರ್ಷಕ್ಕೆ 10ಕ್ಕಿಂತ ಹೆಚ್ಚು ಸಲ ಕೆಳಗೆ ಬರುವಂತಿಲ್ಲ ಎಂಬ ನಿಯಮವೇ ಬಂತು.

ಇಲ್ಲಿ ನಿಯಮ ಬಂದದ್ದು ಎದುರು ದಿಕ್ಕಿನಿಂದ. ಆಸ್ಟ್ರೇಲಿಯಾದಲ್ಲೂ ಸೋತ ಮೇಲೆ, 2025ರ ಜನವರಿಯಲ್ಲಿ, ತಂಡದ ಆಯ್ಕೆಗೂ ಕೇಂದ್ರ ಗುತ್ತಿಗೆಗೂ ದೇಶೀಯ ಪಂದ್ಯ ಕಡ್ಡಾಯ ಎಂದು ಮಂಡಳಿ ಹೇಳಿತು. ತಾರೆಯರು ಸಾಲಾಗಿ ಬಂದರು. ಬೆಂಗಳೂರಿನಲ್ಲಿ ಶುಭಮನ್ ಗಿಲ್ ಇದ್ದ ಪಂಜಾಬ್ ತಂಡವನ್ನು ಕರ್ನಾಟಕ 55 ರನ್ನಿಗೆ ಉರುಳಿಸಿತು. ಮುಂಬಯಿಯಲ್ಲಿ ರೋಹಿತ್ 3 ಮತ್ತು 28 ಗಳಿಸಿದರು, ಜಮ್ಮು ಮತ್ತು ಕಾಶ್ಮೀರ ತಂಡ ಐದು ವಿಕೆಟ್‌ಗಳಿಂದ ಗೆದ್ದಿತು. ಆ ಗೆಲುವಿಗೆ ತೂಕ ಬಂದದ್ದು ಎದುರಿಗೆ ರೋಹಿತ್ ಇದ್ದದ್ದರಿಂದಲೇ. ಆದರೆ ಅವರು ಆಡಿದ ಆರಂಭಿಕ ಸ್ಥಾನದಲ್ಲಿ ಅದುವರೆಗೆ ಹದಿನೇಳರ ಆಯುಷ್ ಮ್ಹಾತ್ರೆ ಇದ್ದ. ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಎದುರು 176 ಹೊಡೆದಿದ್ದ ಹುಡುಗ ಆ ಪಂದ್ಯದ ಮಟ್ಟಿಗೆ ಹೊರಗೆ ಕೂತ. ಇಡೀ ಋತು ಆಡುವ ದೊಡ್ಡವರ ಜೊತೆ ಸ್ಪರ್ಧಿಸಿ ಜಾಗ ಕಳೆದುಕೊಳ್ಳುವುದು ಬೇರೆ. ಒಂದೆರಡು ಪಂದ್ಯಕ್ಕೆ ಹಾಜರಿ ಹಾಕಲು ಬಂದವರಿಗೆ ಜಾಗ ಬಿಡುವುದು ಬೇರೆ. 1974ರ ಗಾವಸ್ಕರ್, ವಿಶ್ವನಾಥ್ ಅವರದು ಹಾಜರಿಯಾಗಿರಲಿಲ್ಲ.

ದೆಹಲಿಯಲ್ಲಿ ಕೊಹ್ಲಿಯನ್ನು ನೋಡಲು ಬೆಳಗಿನಿಂದಲೇ ಸಾವಿರಾರು ಜನ ಸೇರಿದ್ದರು. ರೈಲ್ವೇಸ್‌ನ ವೇಗಿ ಹಿಮಾಂಶು ಸಾಂಗ್ವಾನ್ ಎಸೆದ ಚೆಂಡಿಗೆ ಆಫ್ ಸ್ಟಂಪ್ ಉರುಳಿತು. ಕೊಹ್ಲಿ ಗಳಿಸಿದ್ದು 6. ಸ್ವಲ್ಪ ಹೊತ್ತಿಗೆ ಗ್ಯಾಲರಿಗಳು ಖಾಲಿಯಾಗತೊಡಗಿದವು. ಸಾಂಗ್ವಾನ್‌ಗೆ ಇನ್ನೂ ಓವರುಗಳು ಬಾಕಿ ಇದ್ದವು.