ಚಂದ್ರಗುತ್ತಿ: ತಾಯಿ ಅಡಗಿದ ಗುಹೆ, ಮಕ್ಕಳು ನಡೆದ ದಾರಿ

ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಚಂದ್ರಗುತ್ತಿಯನ್ನು ಚರಿತ್ರೆಕಾರರು ಕೋಟೆಯಿಂದ ಶುರು ಮಾಡುತ್ತಾರೆ. ಕದಂಬರ ಬನವಾಸಿಗೆ ನೆರೆಯ ಬೆಟ್ಟ, ವಿಜಯನಗರದ ಕಾಲದ ಆಡಳಿತ ಕೇಂದ್ರ, ಮುಂದೆ ಕೆಳದಿ ಅರಸರ ಕೈಸೇರಿದ ಕೋಟೆ. ಇಷ್ಟು ಹೇಳಿದರೆ ಅವರ ಚಂದ್ರಗುತ್ತಿ ಮುಗಿಯಿತು. ನಮ್ಮ ಜನ ಬರುವುದು ಕೋಟೆ ನೋಡಲಿಕ್ಕಲ್ಲ. ಬಂಡೆಯ ಗುಹೆಗೆ ಕಲ್ಲುಕಟ್ಟಡ ಸೇರಿಸಿದ ರೇಣುಕಾಂಬೆಯ ಗುಡಿಗೆ ಬರುತ್ತಾರೆ. ಮಕ್ಕಳಾಗಲಿಲ್ಲ, ಮೈಮೇಲೆ ಹುಣ್ಣೆದ್ದಿತು, ಕಾಯಿಲೆ ವಾಸಿಯಾಗಲಿಲ್ಲ ಅಂತ ಹರಕೆ ಹೊತ್ತು ಬರುತ್ತಾರೆ.

ಕತೆ ಎಲ್ಲರಿಗೂ ಗೊತ್ತು. ನೀರಿಗೆ ಹೋದ ರೇಣುಕೆಯ ಮನಸ್ಸು ಒಂದು ಗಳಿಗೆ ಅತ್ತಿತ್ತ ಆಯಿತು. ಗಂಡ ಜಮದಗ್ನಿ, ಇವಳ ತಲೆ ಕಡಿ ಅಂದ. ಮಗ ಪರಶುರಾಮ ಕೊಡಲಿ ಎತ್ತಿದ. ಓಡುವಾಗ ಮೈಮೇಲಿನ ಸೀರೆ ಜಾರಿತು, ಬೆತ್ತಲಾದ ತಾಯಿ ಈ ಗುಹೆ ಹೊಕ್ಕಳು ಅನ್ನುವುದು ಚಂದ್ರಗುತ್ತಿಯವರ ಮಾತು. ಇನ್ನೊಂದು ಪಾಠದಲ್ಲಿ ಅವಳಿಗೆ ಆಸರೆ ಕೊಟ್ಟವಳು ಕೇರಿಯ ಮಾತಂಗಿ. ಕೊಡಲಿ ಇಬ್ಬರ ತಲೆಯನ್ನೂ ತೆಗೆಯಿತು. ಮತ್ತೆ ಜೀವ ಬರಿಸುವಾಗ ತಲೆಗಳು ಅದಲುಬದಲಾದವು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಮಾತಂಗಿಗೂ ಗುಡಿಯಿದೆ.

ಈ ಕತೆಯಲ್ಲಿ ಎರಡು ಸಂಗತಿಗಳಿವೆ. ಒಂದು, ಹೆಣ್ಣೊಬ್ಬಳು ಬೆತ್ತಲಾದದ್ದು. ಇನ್ನೊಂದು, ಅವಳಿಗೆ ಕೇರಿ ಆಸರೆಯಾದದ್ದು. ಪೂಜೆಯ ಚರಿತ್ರೆ ಇವೆರಡರಲ್ಲಿ ಯಾವುದನ್ನು ಉಳಿಸಿಕೊಂಡಿತು?

1986ರವರೆಗೂ ಮಾರ್ಚ್ ತಿಂಗಳ ಜಾತ್ರೆಯಲ್ಲಿ ಹರಕೆಯವರು ವರದಾ ನದಿಯಲ್ಲಿ ಮುಳುಗೆದ್ದು, ಬಟ್ಟೆ ಬಿಟ್ಟು, ಬೇವಿನ ಸೊಪ್ಪು ಹಿಡಿದು, 'ಉಧೋ ಉಧೋ' ಅನ್ನುತ್ತ ಗುಡಿಯವರೆಗೆ ನಡೆಯುತ್ತಿದ್ದರು. ಹೆಂಗಸರು, ಗಂಡಸರು, ಮಕ್ಕಳು. ಇದಕ್ಕೆ ಬೆತ್ತಲೆ ಸೇವೆ ಎಂದು ಹೆಸರು. ನಡೆಯುವವರಲ್ಲಿ ಹೆಚ್ಚಿನವರು ದಲಿತರು, ಹಿಂದುಳಿದವರು, ಬಡವರು. ದಾರಿಯ ಬದಿಯಲ್ಲಿ ನೋಡಲೆಂದೇ ಬಂದು ನಿಂತವರು ಬೇರೆ. ಅವರ ಮೈಮೇಲೆ ಬಟ್ಟೆ ಇತ್ತು, ಕೆಲವರ ಕೈಯಲ್ಲಿ ಕ್ಯಾಮೆರಾ ಇತ್ತು.

ಇದು ನಿಲ್ಲಬೇಕು ಎಂದು ದಲಿತ ಸಂಘರ್ಷ ಸಮಿತಿ ಮತ್ತಿತರ ಸಂಘಟನೆಗಳ ಕಾರ್ಯಕರ್ತರು ಜಾತ್ರೆಗೆ ಹೋದರು. ಬಟ್ಟೆ ತೊಟ್ಟು ಬನ್ನಿ ಎಂದು ಕೇಳಿಕೊಂಡರು. 1986ರ ಮಾರ್ಚಿನಲ್ಲಿ ಭಕ್ತರ ಗುಂಪು ತಿರುಗಿಬಿತ್ತು. ಕಾರ್ಯಕರ್ತರನ್ನು ಹೊಡೆದರು. ಪೊಲೀಸರನ್ನು, ಹೆಣ್ಣು ಪೊಲೀಸರನ್ನೂ ಬಿಡದೆ, ಬಟ್ಟೆ ಕಿತ್ತು ಬೆತ್ತಲೆ ನಡೆಸಿದರು. ದೇಶವೆಲ್ಲ ಬೆಚ್ಚಿತು. ಸರ್ಕಾರ ವಿಚಾರಣೆ ನಡೆಸಿತು, ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಮರುವರ್ಷದ ಜಾತ್ರೆ ಪೊಲೀಸ್ ಕಾವಲಿನಲ್ಲಿ ನಡೆಯಿತು.

ಆ ಹೊತ್ತಿನಲ್ಲಿ ಯು. ಆರ್. ಅನಂತಮೂರ್ತಿಯವರು, ಬೆತ್ತಲೆ ಪೂಜೆ ಯಾಕೆ ಕೂಡದು ಎಂಬ ಪ್ರಶ್ನೆಯನ್ನೇ ತಲೆಬರಹ ಮಾಡಿ ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆದರು. ವಿಚಾರವಾದಿ ತನ್ನನ್ನೂ ಅನುಮಾನಿಸಿಕೊಳ್ಳಲಿ, ಸರಿಯೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ತಾಯಿ ಎಲ್ಲರ ತಾಯಿಯಾದರೆ, ಅವಳ ಬೆತ್ತಲೆ ಮಾತ್ರ ಯಾಕೆ ಬಡವರ ಪಾಲಿಗೆ ಬಂತು? ಹರಕೆ ಹೊತ್ತ ಹೆಣ್ಣಿಗೆ ಆಸ್ಪತ್ರೆ ಹತ್ತಿರವಿತ್ತೆ? ಉಣ್ಣಲು ಭೂಮಿಯಿತ್ತೆ? ಬೇರೆ ದಾರಿ ಇಲ್ಲದವಳು ಹಿಡಿದ ದಾರಿಯನ್ನು ಬರೀ ಭಕ್ತಿ ಅನ್ನೋದು ಸುಲಭ.

ಹಾಗಂತ ಹೊಡೆದ ಭಕ್ತರನ್ನು ಮೂಢರೆಂದು ಬೈದು ಕೂತರೂ ಆಗದು. ಅವರಲ್ಲಿ ಎಷ್ಟೋ ಜನ ನಮ್ಮವರೇ. ಕಾರ್ಯಕರ್ತ ಬಟ್ಟೆ ಚಾಚಿದಾಗ ಅವರಿಗೆ ಕಂಡದ್ದು ಬಟ್ಟೆಯಲ್ಲ, ತಾಯಿಯನ್ನೇ ಕಸಿಯಲು ಬಂದ ಕೈ. ಕಾನೂನಿಗೂ ಇದೇ ಗತಿ. ಇದೇ ದೇವಿಯ ಹೆಸರಿನಲ್ಲಿ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟುವುದನ್ನು ತಡೆಯಲು ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ 1982ರಲ್ಲೇ ಬಂದಿತ್ತು. ಆದರೂ ಕದ್ದುಮುಚ್ಚಿ ಮುತ್ತು ಕಟ್ಟುವುದು ನಿಲ್ಲಲಿಲ್ಲ. ಲಾಠಿ ದಾರಿಯನ್ನು ಮುಚ್ಚಬಲ್ಲದು, ಹರಕೆಯ ಹಿಂದಿನ ಹಸಿವನ್ನು, ರೋಗವನ್ನು ಮುಚ್ಚಲಾರದು.

ಗುಡಿ ಇದೆ, ಜಾತ್ರೆ ಇದೆ. ಜನ ತಾಯಿಯ ಹತ್ತಿರ ಹೋಗಲಿ. ಆದರೆ ಹೋಗುವಾಗ ಕತೆಯನ್ನು ಪೂರ್ತಿ ಕೇಳಲಿ. ಬೆತ್ತಲಾದದ್ದು ತಾಯಿಯ ಇಚ್ಛೆಯಲ್ಲ, ಅವಳ ಮೇಲೆ ಬಿದ್ದ ಆಪತ್ತು. ಆ ಆಪತ್ತನ್ನೇ ಸೇವೆ ಮಾಡಿ ನಮ್ಮವರ ಮೈಮೇಲೆ ಹೊರಿಸಿದರು. ಕೊಡಲಿ ಎತ್ತಿದವನಿಗೆ ಅವತಾರದ ಪಟ್ಟ ಕೊಟ್ಟರು. ಆಸರೆ ಕೊಟ್ಟು ತಲೆ ಕೊಟ್ಟ ಮಾತಂಗಿಯನ್ನು ಮೂಲೆಗಿಟ್ಟರು. ಈ ಲೆಕ್ಕವನ್ನು ತಿದ್ದಬೇಕಾದವರು ಮಾತಂಗಿಯ ಮಕ್ಕಳೇ.