ಮನೆ ಕಂಪ್ಯೂಟರಿಗೆ ನುಗ್ಗುವ ಸ್ಪೈವೇರ್: ತಡೆಯುವುದು ಹೇಗೆ?

ಒಂದೇ ಕಂಪ್ಯೂಟರ್. ಸಂಜೆ ಮಗ ಗೇಮ್ ಆಡ್ತಾನೆ, ಮಗಳು ಕಾಲೇಜಿನ ಪ್ರಾಜೆಕ್ಟ್ ಮಾಡ್ತಾಳೆ, ರಾತ್ರಿ ತಂದೆ ಅಂಗಡಿಯ ಜಿಎಸ್‌ಟಿ ರಿಟರ್ನ್ ತುಂಬಿಸಿ ನೆಟ್ ಬ್ಯಾಂಕಿಂಗ್ ತೆರೆಯುತ್ತಾರೆ. ಉಪ್ಪಳ, ಮಂಜೇಶ್ವರದಿಂದ ಮಂಗಳೂರಿನ ತನಕ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಇಂಥ ಕಂಪ್ಯೂಟರಿಗೆ ಸ್ಪೈವೇರ್ ಹೊಕ್ಕರೆ ನಷ್ಟ ಒಬ್ಬರಿಗಲ್ಲ, ಇಡೀ ಮನೆಗೆ.

ಸ್ಪೈವೇರ್ ಅಂದ್ರೇನು?

ನಮಗೆ ತಿಳಿಯದ ಹಾಗೆ ಕಂಪ್ಯೂಟರಲ್ಲಿ ಕುಳಿತು ಮಾಹಿತಿಯನ್ನು ಹೊರಗೆ ಕಳಿಸುವ ಪ್ರೋಗ್ರಾಮ್. 'ಕೀಲಾಗರ್' ನಾವು ಒತ್ತುವ ಪ್ರತಿ ಕೀಯನ್ನೂ ದಾಖಲಿಸುತ್ತದೆ. 'ಇನ್ಫೋಸ್ಟೀಲರ್' ಬ್ರೌಸರಲ್ಲಿ ಸೇವ್ ಮಾಡಿಟ್ಟ ಪಾಸ್‌ವರ್ಡ್ ಮತ್ತು ಕುಕೀಗಳನ್ನು ಕದಿಯುತ್ತದೆ. ಲಾಗಿನ್ ಆಗಿರುವ ಖಾತೆಯ ಕುಕೀ ಸಿಕ್ಕಿದರೆ ಪಾಸ್‌ವರ್ಡ್, ಒಟಿಪಿ ಇಲ್ಲದೆಯೂ ಕಳ್ಳ ಒಳಗೆ ಹೋಗಬಹುದು.

ಬರುವುದು ಎಲ್ಲಿಂದ?

ಹೆಚ್ಚಾಗಿ ಬಾಗಿಲು ತೆರೆದುಕೊಡುವುದು ನಾವೇ. ಕ್ರ್ಯಾಕ್ ಮಾಡಿದ ಫೋಟೋಶಾಪ್, ವಿಂಡೋಸ್ ಆಕ್ಟಿವೇಟರ್, ಗೇಮ್ ಚೀಟ್ – ಇವೆಲ್ಲ ಸ್ಪೈವೇರಿನ ದೊಡ್ಡ ದಾರಿಗಳು. "ಇನ್‌ಸ್ಟಾಲ್ ಮಾಡುವ ಮುಂಚೆ ಆಂಟಿವೈರಸ್ ಆಫ್ ಮಾಡಿ" ಅಂತ ಅಲ್ಲಿ ಬರೆದಿರುತ್ತದೆ. ಕಾವಲುಗಾರನಿಗೆ ಕಳ್ಳನೇ ರಜೆ ಕೊಟ್ಟ ಹಾಗೆ! ಇಮೇಲಲ್ಲಿ ಬರುವ ನಕಲಿ ಬಿಲ್, ಬೇಡದ ಬ್ರೌಸರ್ ಎಕ್ಸ್‌ಟೆನ್ಶನ್ ಉಳಿದ ದಾರಿಗಳು.

ಏನು ಮಾಡಬೇಕು?

* ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಉಚಿತವಾಗಿಯೇ ಇದೆ. ಅದನ್ನು ಆಫ್ ಮಾಡಬೇಡಿ.
* ಅಪ್‌ಡೇಟ್ ಮುಂದೂಡಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸಾಧ್ಯವಿದ್ರೆ 11ಕ್ಕೆ ಬದಲಾಯಿಸಿ.
* ಮಕ್ಕಳಿಗೆ ಬೇರೆಯೇ 'ಸ್ಟ್ಯಾಂಡರ್ಡ್' ಯೂಸರ್ ಖಾತೆ ಮಾಡಿಕೊಡಿ. ಅಡ್ಮಿನ್ ಪಾಸ್‌ವರ್ಡ್ ಹಿರಿಯರ ಕೈಯಲ್ಲಿರಲಿ.
* ಫೈಲಿನ ಪೂರ್ತಿ ಹೆಸರು ಕಾಣುವಂತೆ ಸೆಟ್ ಮಾಡಿ. 'ಬಿಲ್.ಪಿಡಿಎಫ್.ಇಎಕ್ಸ್ಇ' ಅಂತಿದ್ರೆ ಅದು ಬಿಲ್ ಅಲ್ಲ, ಪ್ರೋಗ್ರಾಮ್.
* ಬ್ಯಾಂಕ್ ಪಾಸ್‌ವರ್ಡನ್ನು ಬ್ರೌಸರಲ್ಲಿ ಸೇವ್ ಮಾಡಬೇಡಿ. ಕೆಲಸ ಮುಗಿದ ಕೂಡಲೇ ಲಾಗೌಟ್ ಆಗಿ.
* ದುಡ್ಡು ಕೊಡಲಾಗದಿದ್ರೆ ಕ್ರ್ಯಾಕ್ ಬೇಡ. ಪತ್ರ, ಲೆಕ್ಕಕ್ಕೆ ಲಿಬ್ರೆಆಫೀಸ್, ಫೋಟೋಗೆ ಜಿಂಪ್ – ಎರಡೂ ಕಾನೂನುಬದ್ಧವಾಗಿ ಉಚಿತ. ಅವುಗಳ ಸ್ವಂತ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ.

ಸಂಶಯ ಬಂದರೆ?

ಹೋಮ್ ಪೇಜ್ ತಾನಾಗಿಯೇ ಬದಲಾಗುವುದು, ಡಿಫೆಂಡರ್ ತಾನಾಗಿಯೇ ಆಫ್ ಆಗುವುದು, ಗೊತ್ತಿಲ್ಲದ ಲಾಗಿನ್ ಬಗ್ಗೆ ಮೆಸೇಜ್ ಬರುವುದು ಲಕ್ಷಣಗಳು. ಯಾವ ಲಕ್ಷಣವೂ ಕಾಣದೆ ಇರಲೂಬಹುದು.

ಮೊದಲು ಇಂಟರ್ನೆಟ್ ಕಡಿತ ಮಾಡಿ. ವಿಂಡೋಸ್ ಸೆಕ್ಯುರಿಟಿಯಲ್ಲಿ ಡಿಫೆಂಡರಿನ 'ಆಫ್‌ಲೈನ್ ಸ್ಕ್ಯಾನ್' ಓಡಿಸಿ. ಪಾಸ್‌ವರ್ಡ್ ಬದಲಾಯಿಸುವುದು ಅದೇ ಕಂಪ್ಯೂಟರಲ್ಲಿ ಅಲ್ಲ. ಹೊಸತೂ ಕಳ್ಳನ ಕೈ ಸೇರೀತು. ಬೇರೆ ಫೋನಿಂದ ಬದಲಾಯಿಸಿ, ಎಲ್ಲ ಡಿವೈಸ್‌ಗಳಿಂದ ಸೈನ್ ಔಟ್ ಮಾಡಿ. ಆಮೇಲೂ ಸಂಶಯ ಉಳಿದರೆ ಫೋಟೋ, ದಾಖಲೆಗಳನ್ನು ಮಾತ್ರ ಬೇರೆಡೆ ಇಟ್ಟು ವಿಂಡೋಸ್ ಹೊಸದಾಗಿ ಹಾಕಿಸಿ.

ಖಾತೆಯಿಂದ ಹಣ ಹೋಗಿದ್ರೆ ತಡ ಮಾಡದೆ ಬ್ಯಾಂಕಿಗೂ 1930ಕ್ಕೂ ಕರೆ ಮಾಡಿ. ಇದು ದೇಶಕ್ಕೆಲ್ಲ ಒಂದೇ ನಂಬರ್. ಗಡಿಯ ಆಚೆಗೂ ಈಚೆಗೂ ನಡೆಯುತ್ತದೆ. ಹಣ ಕಳ್ಳರ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲೇ ತಿಳಿಸಿದರೆ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು. ನಾಚಿಕೆಪಟ್ಟು ಒಂದು ದಿನ ಸುಮ್ಮನಿದ್ರೆ ಆ ಅವಕಾಶವೂ ಕೈತಪ್ಪಿ ಹೋಗಬಹುದು.