ಟಾಟಾ ಸಿಲ್ಕ್ ಫಾರ್ಮ್ ಮತ್ತು ಹೊಲಿಗೆ ಇಲ್ಲದ ಕಾಲುಚೀಲ

ನಿಮ್ಮ ಸಾಕ್ಸ್ ಒಂದನ್ನ ಉಲ್ಟಾ ಮಾಡಿ ನೋಡಿ. ಬೆರಳ ಹತ್ರ ಒಂದು ಹೊಲಿಗೆ ಸಿಗಬಹುದು, ಕಾಲಿನುದ್ದಕ್ಕೂ ಒಂದೂ ಇಲ್ಲ. ವೃತ್ತಾಕಾರದಲ್ಲಿ ಸೂಜಿಗಳಿರೋ ಮಷೀನು ಅದನ್ನ ಕೊಳವೆ ಥರ ಸುತ್ತಿ ಸುತ್ತಿ ಹೆಣೆದಿರುತ್ತೆ.

ರೇಷ್ಮೆ ಸ್ಟಾಕಿಂಗ್ಸ್ ಕಾಲದಲ್ಲಿ ಇದು ಅಷ್ಟು ಸುಲಭ ಇರಲಿಲ್ಲ. ರೇಷ್ಮೆ ಹೆಚ್ಚು ಹಿಗ್ಗಲ್ಲ. ಮೀನಖಂಡಕ್ಕೆ ಸರಿಹೋದ ಕೊಳವೆ ಕಣಕಾಲಲ್ಲಿ ಜೋಲುತ್ತಿತ್ತು. ಅದಕ್ಕೇ ಒಳ್ಳೆ ಸ್ಟಾಕಿಂಗ್ಸನ್ನ ಚಪ್ಪಟೆಯಾಗಿ, ಕಣಕಾಲಿನ ಕಡೆ ಕುಣಿಕೆ ಕಮ್ಮಿ ಮಾಡ್ತಾ ಹೆಣೆದು, ಹಿಂದೆ ಉದ್ದಕ್ಕೂ ಹೊಲೀತಿದ್ರು. ಆ ಗೆರೆ ಸೊಟ್ಟ ಆಯ್ತಾ ಅಂತ ಹೆಂಗಸರು ದಿನಕ್ಕೆ ಎಷ್ಟು ಸಲ ತಿರುಗಿ ನೋಡ್ಕೋಬೇಕಿತ್ತೋ!

ಈಗ ನಮ್ಮ ಬಸವನಗುಡಿಗೆ ಬನ್ನಿ. ಸೌತ್ ಎಂಡ್ ಸರ್ಕಲ್ ಕಡೆ ಓಡಾಡಿದ್ರೆ ‘ಟಾಟಾ ಸಿಲ್ಕ್ ಫಾರ್ಮ್’ ಅನ್ನೋ ಹೆಸರು ಕೇಳಿರ್ತೀರಿ. ಅಲ್ಲಿ ನಿಜವಾಗಿಯೂ ಹಿಪ್ಪುನೇರಳೆ ತೋಟ ಇತ್ತು. 1893ರಲ್ಲಿ ಜಪಾನ್ ನೋಡಿ ಬಂದ ಜಮ್‌ಶೆಟ್‌ಜಿ ಟಾಟಾ, ಆ ದಶಕ ಮುಗಿಯೋದರೊಳಗೆ ಇಲ್ಲಿ ಫಾರ್ಮ್ ಶುರುಮಾಡಿದ್ರು. ಓಡ್ಜು ಅನ್ನೋ ಜಪಾನೀ ದಂಪತಿ ಬಂದು ಹುಳು ಸಾಕೋದು, ನೂಲು ತೆಗೆಯೋದು ಕಲಿಸಿದ್ರು. ಟಿಪ್ಪು ಕಾಲದಿಂದ ಮೈಸೂರು ಸೀಮೆಯಲ್ಲಿ ಇದ್ದ ಕಸುಬೇ, ರೋಗ ಬಡಿದು ಸೊರಗಿತ್ತು. 1910ರ ಸುಮಾರಿಗೆ ಫಾರ್ಮ್ ಸಾಲ್ವೇಶನ್ ಆರ್ಮಿ ಕೈಗೆ ಹೋಯ್ತು.

ಆಮೇಲಿನದ್ದೇ ವಿಚಿತ್ರ. 1930ರ ದಶಕದಲ್ಲಿ ಜಪಾನಿನದ್ದೇ ಅಗ್ಗದ ರೇಷ್ಮೆ ಇಲ್ಲಿಗೆ ಬಂದು ನಮ್ಮ ರೈತರ ಗೂಡಿನ ಬೆಲೆ ಬಿತ್ತು. ಸಾಲ ಮಾಡಿ ಹುಳು ಸಾಕಿದವನ ಪಾಡು ಯೋಚಿಸಿ. ಆ ಜಪಾನಿನ ರೇಷ್ಮೆಯ ದೊಡ್ಡ ಗಿರಾಕಿ ಅಮೆರಿಕ, ಅದೂ ಮುಖ್ಯವಾಗಿ ಸ್ಟಾಕಿಂಗ್ಸ್‌ಗೆ. 1940ರ ಮೇ 15ಕ್ಕೆ ಅಮೆರಿಕದ ಉದ್ದಗಲಕ್ಕೂ ನೈಲಾನ್ ಸ್ಟಾಕಿಂಗ್ಸ್ ಅಂಗಡಿಗೆ ಬಂತು. ಮರುವರ್ಷ ಜಪಾನಿನ ರೇಷ್ಮೆ ಬರೋದೇ ನಿಂತಿತು, ನೈಲಾನೂ ಯುದ್ಧದ ಪಾಲಾಯ್ತು. ಅಲ್ಲಿ ಹೆಂಗಸರು ಬರೀ ಕಾಲಿನ ಮೇಲೆ ಹುಬ್ಬಿನ ಪೆನ್ಸಿಲ್‌ನಲ್ಲಿ ಹೊಲಿಗೆ ಗೆರೆ ಬರ್ಕೊಂಡ್ರು. ಇಲ್ಲಿ ಪ್ಯಾರಾಚೂಟಿಗಂತ ಮೈಸೂರು ರೇಷ್ಮೆಗೆ ಬೆಲೆ ಬಂತು.

ಯುದ್ಧ ಮುಗಿದ ಮೇಲೆ ನೈಲಾನೇ ಗೆದ್ದಿದ್ದು. ಕೊಳವೆಯಾಗಿ ಹೆಣೆದು, ಕಾಲಿನ ಅಚ್ಚಿಗೆ ಹಾಕಿ ಬಿಸಿ ಕೊಟ್ರೆ ಅದು ಆ ಆಕಾರ ಬಿಡಲ್ಲ. ಹೊಲಿಗೆ ಬೇಕಿಲ್ಲ, ಗೆರೆ ನೇರ ಮಾಡೋ ರಗಳೆ ಇಲ್ಲ, ಬರಿಗಾಲೇ ಅನ್ನೋ ಹಾಗೆ ಕಾಣುತ್ತೆ. 1960ರ ದಶಕದಲ್ಲಿ ಹೊಲಿಗೆಯ ಸ್ಟಾಕಿಂಗ್ಸ್ ಮೂಲೆ ಸೇರಿತು.

ನಮ್ಮ ರೇಷ್ಮೆ ಉಳೀತು, ಯಾಕಂದ್ರೆ ಅದು ಹೋಗ್ತಿದ್ದಿದ್ದು ಸೀರೆಗೆ. ಸೀರೆಗೆ ಯಾವ ಅಚ್ಚೂ ಬೇಡ.

ಟಾಟಾ ಸಿಲ್ಕ್ ಫಾರ್ಮ್ ಕಡೆಯವರು ಯಾರಾದ್ರೂ ಇದ್ದೀರಾ? ಅಜ್ಜಿ ತಾತನ ಹತ್ರ ಹಳೇ ಫೋಟೋ ಇದ್ರೆ ಕಳಿಸಿ.